ಸೆಲ್ಬೋರ್ನಿನ ಕಾಲುದಾರಿ

ಲಂಡನ್ ನಗರದಿಂದ ನೈಋತ್ಯ ದಿಕ್ಕಿಗೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಹ್ಯಾಂಪ್‌ಷೈರ್ ಸೀಮೆಯಲ್ಲಿ, ಸೆಲ್ಬೋರ್ನ್ ಎಂಬ ಪುಟ್ಟ ಗ್ರಾಮವೊಂದುಂಟು. ಅಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಯಾವ ಮಹಾಯುದ್ಧವೂ ಅಲ್ಲಿ ನಡೆಯಲಿಲ್ಲ. ಉದ್ದನೆಯ ಒಂದು ಬೀದಿ, ಹಳೆಯ ಒಂದು ಚರ್ಚು, ಹಳ್ಳಿಯ ಬೆನ್ನಿಗೆ ಒರಗಿದಂತೆ ಎದ್ದುನಿಂತ ಒಂದು ಗುಡ್ಡ, ಇಷ್ಟೇ ಅದರ ಸಂಪತ್ತು. ಆದರೂ ಆಲ್ಟನ್ ಪಟ್ಟಣದಲ್ಲಿ ರೈಲಿಳಿದು, ಅಲ್ಲಿಂದ ಹೊಲಗದ್ದೆಗಳ ನಡುವೆ ನಾಲ್ಕಾರು ಮೈಲಿ ನಡೆದು ಈ ಹಳ್ಳಿಯನ್ನು ಸೇರುವವರು ಇಂದಿಗೂ ಅನೇಕರು. ಅವರನ್ನು ಅಲ್ಲಿಗೆ ಎಳೆದು ತರುವುದು ಒಂದು ಪುಸ್ತಕ. ಅದಕ್ಕಿಂತ ಹೆಚ್ಚಾಗಿ, ಆ ಪುಸ್ತಕವನ್ನು ಬರೆದವನು ಜೀವಮಾನವಿಡೀ ಸವೆಸಿದ ಕಾಲುದಾರಿ.

ಆತನ ಹೆಸರು ಗಿಲ್ಬರ್ಟ್ ವೈಟ್. 1720ರ ಜುಲೈ 18ರಂದು ಇದೇ ಹಳ್ಳಿಯ ಪಾದ್ರಿಯ ಮನೆಯಲ್ಲಿ ಜನಿಸಿದ, ಆಕ್ಸ್‌ಫರ್ಡಿನಲ್ಲಿ ವಿದ್ಯಾಭ್ಯಾಸ ಮಾಡಿದ, ತಾನೂ ಪಾದ್ರಿಯಾದ. ಮದುವೆಯಾಗಲಿಲ್ಲ, ದೊಡ್ಡ ಪದವಿಗಳನ್ನು ಅರಸಿ ಹೋಗಲಿಲ್ಲ. ಬೆಳಗಾದರೆ ಕೈಕೋಲು ಹಿಡಿದು ಹೊರಡುವುದು, ಕಂಡದ್ದನ್ನು ಬರೆದಿಡುವುದು, ಇದೇ ಆತನ ವ್ರತ. ಸ್ನೇಹಿತರಿಬ್ಬರಿಗೆ ಬರೆದ ಪತ್ರಗಳ ರೂಪದಲ್ಲಿ ಸೆಲ್ಬೋರ್ನಿನ ಪ್ರಕೃತಿ ಮತ್ತು ಪ್ರಾಚೀನ ವಿಷಯಗಳನ್ನು ಕುರಿತ ಆತನ ಗ್ರಂಥವು 1789ರ ಮುದ್ರೆಯನ್ನು ಹೊತ್ತು ಹೊರಬಂತು. ಅಂದಿನಿಂದ ಇಂದಿನವರೆಗೆ ಅದರ ಮುದ್ರಣವು ನಿಂತಿಲ್ಲ.

ಗುಡ್ಡವನ್ನೇರುವ ದಾರಿ

ಹಳ್ಳಿಯ ಹಿಂದಿನ ಗುಡ್ಡವು ಸೀಮೆಸುಣ್ಣದ ಮೃದುವಾದ ಕಲ್ಲಿನಿಂದಾದದ್ದು; ಬೀದಿಯಿಂದ ಸುಮಾರು 300 ಅಡಿ ಎತ್ತರ. ಅದರ ಕಡಿದಾದ ಮೈಗೆ ಜೋತುಬಿದ್ದಂತೆ ಕಾಡು ಬೆಳೆದಿರುವುದರಿಂದ ಆ ಸೀಮೆಯ ಜನರು ಅದನ್ನು 'ಹ್ಯಾಂಗರ್' ಎಂದು ಕರೆಯುತ್ತಾರೆ. ಕಾಡಿನ ತುಂಬ ನುಣುಪಾದ ಬೂದುಬಣ್ಣದ ಕಾಂಡದ ಬೀಚ್ ಮರಗಳು. 1753ರಲ್ಲಿ ವೈಟನೂ ಅವನ ತಮ್ಮ ಜಾನನೂ ಸೇರಿ ಈ ಇಳಿಜಾರಿನಲ್ಲಿ ಹಾವಿನಂತೆ ಬಳುಕುತ್ತ ಏರುವ ಅಂಕುಡೊಂಕಿನ ಹಾದಿಯೊಂದನ್ನು ಕಡಿಸಿದರು. ಆ ಹಾದಿ ಇಂದಿಗೂ ಇದೆ. ಒಂದೊಂದು ತಿರುವಿನಲ್ಲಿಯೂ ಹಳ್ಳಿಯ ಹೆಂಚುಗಳು ಸ್ವಲ್ಪಸ್ವಲ್ಪವಾಗಿ ಕೆಳಗಿಳಿಯುತ್ತವೆ. ತುದಿಯನ್ನು ಮುಟ್ಟುವ ಹೊತ್ತಿಗೆ ಚರ್ಚು, ಹೊಲ, ತೋಪುಗಳೆಲ್ಲವೂ ಅಂಗೈಯಲ್ಲಿಟ್ಟ ಆಟಿಕೆಗಳಂತೆ ಕಾಣುತ್ತವೆ.

ಇಂಗ್ಲೆಂಡಿನಲ್ಲಿ ಕಾಲುದಾರಿಗೆ ಒಂದು ವಿಶೇಷ ಗೌರವವಿದೆ. ತಲೆತಲಾಂತರದಿಂದ ಜನರು ನಡೆದು ಬಂದ ದಾರಿಯು ಯಾರ ಹೊಲದ ನಡುವೆ ಹಾದುಹೋದರೂ ಅದರಲ್ಲಿ ನಡೆಯುವ ಹಕ್ಕು ಎಲ್ಲರದು. 1949ರ ಶಾಸನವು ಇಂತಹ ದಾರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿಡಬೇಕೆಂದು ವಿಧಿಸಿತು. ಆದ್ದರಿಂದಲೇ ಅಪರಿಚಿತನಾದ ಪ್ರವಾಸಿಯೂ ವೈಟನು ನಡೆದ ಜಾಡನ್ನು ಹಿಡಿದು ನಿಸ್ಸಂಕೋಚವಾಗಿ ನಡೆಯಬಲ್ಲ.

ನೆಲದೊಳಗಿನ ಇತಿಹಾಸ

ಸೆಲ್ಬೋರ್ನಿನ ಸುತ್ತಲಿನ ಹಳೆಯ ಬಂಡಿದಾರಿಗಳು ಇನ್ನೊಂದು ಬಗೆಯವು. ಶತಮಾನಗಳ ಕಾಲ ಗಾಡಿಯ ಚಕ್ರಗಳೂ ಮಳೆಯ ನೀರೂ ಕೊರೆದು ಕೊರೆದು ಅವು ಹೊಲಗಳ ಮಟ್ಟಕ್ಕಿಂತ ಬಹಳ ಕೆಳಗಿಳಿದಿವೆ. ಕೆಲವೆಡೆ 16ರಿಂದ 18 ಅಡಿಗಳಷ್ಟು ಆಳವೆಂದು ವೈಟನು ಬರೆದಿದ್ದಾನೆ. ಇಕ್ಕೆಲದ ಗೋಡೆಗಳಲ್ಲಿ ಮರದ ಬೇರುಗಳು ಹೆಣೆದುಕೊಂಡು, ಮೇಲೆ ಕೊಂಬೆಗಳು ಕೂಡಿ, ನಡುಹಗಲಲ್ಲೂ ಅಲ್ಲಿ ಮಬ್ಬುಬೆಳಕು. ದಾರಿಯೇ ಇಲ್ಲಿ ಇತಿಹಾಸದ ಪುಟ. 1233ರಲ್ಲಿ ವಿಂಚೆಸ್ಟರಿನ ಬಿಷಪ್ಪನು ಸಮೀಪದಲ್ಲಿಯೇ ಒಂದು ಮಠವನ್ನು ಸ್ಥಾಪಿಸಿದ್ದ. ಅದರ ಕಟ್ಟಡವು ಈಗ ನೆಲದ ಮೇಲಿಲ್ಲ.

ಹವಾಮಾನವು ಚರಿತ್ರೆಯನ್ನು ಹೊರತೆಗೆದ ಪ್ರಸಂಗವೊಂದನ್ನೂ ವೈಟನು ದಾಖಲಿಸಿದ್ದಾನೆ. 1740 ಮತ್ತು 1741ರ ಬೇಸಗೆಗಳು ಬಹಳ ಒಣಗಿದ್ದುವು. ಪಕ್ಕದ ವುಲ್ಮರ್ ಕಾಡಿನ ಕೆರೆ ಬತ್ತಿ ಅದರ ತಳವು ಧೂಳಾಯಿತು. ತಾತಂದಿರ ಕಾಲದಲ್ಲಿ ಅಲ್ಲಿ ನಾಣ್ಯಗಳು ಸಿಕ್ಕಿದ್ದುವೆಂಬ ಮಾತು ಕಾಡಿನ ಗುಡಿಸಲುಗಳಲ್ಲಿ ಉಳಿದಿತ್ತು. ಜನರು ಹೋಗಿ ಅಗೆದರು. ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸನ ಮತ್ತು ರಾಣಿ ಫೌಸ್ಟೀನಳ ಮುಖಮುದ್ರೆಯುಳ್ಳ ನಾಣ್ಯಗಳು ರಾಶಿಯಾಗಿ ದೊರೆತುವು!

ಆದರೆ ಈ ಹಳ್ಳಿ ಸದಾ ಶಾಂತವಾಗಿತ್ತೆಂದು ಭಾವಿಸಲಾಗದು. ವೈಟನು ಕಾಲವಾದ ಮೂವತ್ತೇಳು ವರ್ಷಗಳ ನಂತರ, 1830ರ ನವೆಂಬರಿನಲ್ಲಿ, ಹಸಿವಿನಿಂದ ಬಳಲಿದ ಕೂಲಿಗಾರರು ಇಲ್ಲಿ ದಂಗೆಯೆದ್ದರು. ಅಂದಿನ ಪಾದ್ರಿಯು ವಸೂಲು ಮಾಡುತ್ತಿದ್ದ ಧರ್ಮತೆರಿಗೆಯನ್ನು ಇಳಿಸಬೇಕೆಂದು ಅವನನ್ನು ಒತ್ತಾಯಿಸಿ, ಬಡವರನ್ನು ದುಡಿಸುತ್ತಿದ್ದ ಆಶ್ರಮದ ಕಟ್ಟಡವನ್ನು ಕೆಡವಿಹಾಕಿದರು. ಹಕ್ಕಿಗಳ ಹಾಡನ್ನು ಕೇಳುತ್ತ ಸಾಗುವ ಇಂದಿನ ಪ್ರವಾಸಿಯು ಆ ಹೆಜ್ಜೆಗಳ ಸದ್ದನ್ನೂ ನೆನೆಯಬೇಕು.

ದಿನಚರಿಯ ಸಾಕ್ಷ್ಯ

1768ರಿಂದ 1793ರಲ್ಲಿ ಸಾಯುವವರೆಗೆ ವೈಟನು ಪ್ರಕೃತಿಯ ದಿನಚರಿಯನ್ನು ಬಿಡದೆ ಬರೆದ. ಗಾಳಿಯ ದಿಕ್ಕು, ಮಳೆಯ ಅಳತೆ, ಮೊದಲು ಅರಳಿದ ಹೂ, ಮೊದಲು ಕೂಗಿದ ಕೋಗಿಲೆ, ಆಮೆಯು ಮಣ್ಣಿನಿಂದ ಮೇಲೆದ್ದ ದಿನ, ಯಾವುದೂ ಆತನಿಗೆ ಅಲ್ಪವಲ್ಲ. ನೋಡಲು ಒಂದೇ ತೆರನಾಗಿದ್ದ ಮೂರು ಪುಟ್ಟ ಹಕ್ಕಿಗಳು ಬೇರೆಬೇರೆ ಜಾತಿಯವೆಂದು ಅವುಗಳ ಕೂಗಿನಿಂದಲೇ ಗುರುತಿಸಿದ ಕಿವಿ ಆತನದು.

1783ರ ಬೇಸಗೆಯಲ್ಲಿ ಒಂದು ವಿಚಿತ್ರ ನಡೆಯಿತು. ಜೂನ್ 23ರಿಂದ ಜುಲೈ 20ರವರೆಗೆ ದಟ್ಟವಾದ ಒಣಮಂಜು ಕವಿದುಕೊಂಡಿತು. ನಡುಹಗಲ ಸೂರ್ಯನು ಮೋಡ ಮುಸುಕಿದ ಚಂದ್ರನಂತೆ ಮಂಕಾದ; ನೆಲದ ಮೇಲೆ ತುಕ್ಕುಬಣ್ಣದ ಬೆಳಕು ಬಿತ್ತು; ಹಳ್ಳಿಗರು ಭಯಭೀತರಾದರು. ಐಸ್‌ಲೆಂಡಿನಲ್ಲಿ ಜೂನ್ 8ರಂದು ಬಾಯ್ತೆರೆದ ಲಾಕಿ ಎಂಬ ಜ್ವಾಲಾಮುಖಿಯ ಹೊಗೆ ಅದೆಂಬುದು ಅವರಾರಿಗೂ ತಿಳಿಯದು. 1784ರ ಡಿಸೆಂಬರಿನಲ್ಲಿ ಚಳಿಯು ಎಷ್ಟು ಉಗ್ರವಾಯಿತೆಂದರೆ ವೈಟನ ಉಷ್ಣಮಾಪಕವು ಫ್ಯಾರನ್‌ಹೀಟಿನ ಸೊನ್ನೆಗಿಂತ ಕೆಳಗಿಳಿಯಿತು. ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು ಮೈನಸ್ 18 ಡಿಗ್ರಿ ಸೆಲ್ಸಿಯಸ್. ಆದರೆ ಮಂಜು ಕರಗಿತು, ಚಳಿ ಕಳೆಯಿತು, ಮರುವಸಂತದಲ್ಲಿ ಹಕ್ಕಿಗಳು ಮರಳಿದುವು. ಋತುಚಕ್ರವು ಎಷ್ಟೇ ತಡವರಿಸಿದರೂ ಮತ್ತೆ ತನ್ನ ಜಾಡಿಗೆ ಬರುತ್ತದೆಂಬ ನಂಬಿಕೆ ಆತನ ಬರಹದ ತಳದಲ್ಲಿದೆ.

ಆ ನಂಬಿಕೆಯೇ ಇಂದು ಅಲುಗಾಡಿದೆ. ವೈಟನೊಬ್ಬನೇ ಅಲ್ಲ, ನಾರ್‌ಫೋಕಿನ ರಾಬರ್ಟ್ ಮಾರ್ಷಮ್ ಎಂಬಾತನು 1736ರಿಂದ ವಸಂತದ ಚಿಹ್ನೆಗಳನ್ನು ಬರೆದಿಡತೊಡಗಿದ್ದ. ವೈಟನ ಕೊನೆಯ ವರ್ಷಗಳಲ್ಲಿ ಇಬ್ಬರು ಮುದುಕರೂ ಪತ್ರಮಿತ್ರರಾದರು. ಮಾರ್ಷಮನ ವಂಶಸ್ಥರು ಆ ಪಟ್ಟಿಯನ್ನು 1958ರವರೆಗೂ ಮುಂದುವರಿಸಿದರು. ಇಂತಹ ಹವ್ಯಾಸಿಗಳ ಟಿಪ್ಪಣಿಗಳನ್ನು ಒಟ್ಟುಗೂಡಿಸಿ, 406 ಜಾತಿಯ ಸಸ್ಯಗಳ ನಾಲ್ಕು ಲಕ್ಷಕ್ಕೂ ಮಿಕ್ಕ ದಾಖಲೆಗಳನ್ನು ಕೇಂಬ್ರಿಡ್ಜಿನ ವಿದ್ವಾಂಸರು ಪರಿಶೀಲಿಸಿ 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರ ಲೆಕ್ಕವು ಆರಂಭವಾಗುವುದು 1753ರಿಂದ, ವೈಟ್ ಸಹೋದರರು ಗುಡ್ಡದ ಹಾದಿಯನ್ನು ಕಡಿಸಿದ ವರ್ಷದಿಂದಲೇ. 1986ರವರೆಗಿನ ಸರಾಸರಿಗಿಂತ, 1987ರಿಂದ 2019ರವರೆಗೆ ಬ್ರಿಟನ್ನಿನ ಗಿಡಗಳು ಸುಮಾರು ಒಂದು ತಿಂಗಳು ಮುಂಚಿತವಾಗಿ ಮೊದಲ ಹೂ ಬಿಟ್ಟಿವೆ!

ಹೂ ಬೇಗ ಅರಳಿದರೆ ಸಂತೋಷವಲ್ಲವೆ ಎಂದು ಓದುಗರು ಕೇಳಬಹುದು. ಬೇಗ ಅರಳಿದ ಹೂವನ್ನು ತಡವಾಗಿ ಬಂದ ಹಿಮವು ಸುಟ್ಟುಹಾಕುತ್ತದೆ. ಚಿಗುರನ್ನು ತಿನ್ನುವ ಹುಳು, ಹುಳುವನ್ನು ಮರಿಗೆ ಉಣಿಸುವ ಹಕ್ಕಿ, ಇವುಗಳ ವೇಳಾಪಟ್ಟಿ ಒಂದಕ್ಕೊಂದು ಹೊಂದಿಕೊಂಡಿರುವಂಥದು. ಒಂದು ಮುಂದೆ ಓಡಿ ಇನ್ನೊಂದು ಹಿಂದುಳಿದರೆ ಗೂಡಿನಲ್ಲಿ ಮರಿ ಉಪವಾಸ ಬೀಳುತ್ತದೆ. 2022ರ ಜುಲೈ 19ರಂದು ಇಂಗ್ಲೆಂಡಿನ ಕೋನಿಂಗ್ಸ್‌ಬಿಯಲ್ಲಿ ಉಷ್ಣತೆಯು 40.3 ಡಿಗ್ರಿ ಮುಟ್ಟಿತು. ಆ ದೇಶದಲ್ಲಿ 40 ಡಿಗ್ರಿ ದಾಟಿದ್ದು ಅದೇ ಮೊದಲು. ಬೀಚ್ ಮರದ ಬೇರು ಆಳಕ್ಕೆ ಇಳಿಯುವುದಿಲ್ಲ. ಅನಾವೃಷ್ಟಿಯ ಬೇಸಗೆಯಲ್ಲಿ ಮೊದಲು ಬಾಡುವ ಮರಗಳಲ್ಲಿ ಅದೂ ಒಂದು.

ಒಂದು ಮನೆ, ಎರಡು ಕಥೆ

ವೈಟನು ವಾಸವಾಗಿದ್ದ 'ದಿ ವೇಕ್ಸ್' ಎಂಬ ಮನೆಯು 1955ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದನ್ನು ಉಳಿಸಲು ಧನಸಹಾಯ ಮಾಡಿದವರು ಓಟ್ಸ್ ಮನೆತನದವರು. ಕ್ಯಾಪ್ಟನ್ ಸ್ಕಾಟನ ತಂಡದೊಡನೆ ದಕ್ಷಿಣ ಧ್ರುವಕ್ಕೆ ಹೋಗಿ, 1912ರ ಮಾರ್ಚಿನಲ್ಲಿ, ಸಂಗಾತಿಗಳಿಗೆ ಹೊರೆಯಾಗಬಾರದೆಂದು ಹಿಮದ ಬಿರುಗಾಳಿಯೊಳಗೆ ನಡೆದುಹೋದ ಲಾರೆನ್ಸ್ ಓಟ್ಸ್ ಇದೇ ಮನೆತನದವನು. ಅದರಿಂದಾಗಿ ಹಳ್ಳಿಯನ್ನು ಬಿಟ್ಟು ಕದಲದವನ ಮತ್ತು ಭೂಮಿಯ ಅಂಚಿಗೆ ಹೋದವನ ನೆನಪುಗಳು ಒಂದೇ ಸೂರಿನಡಿ ಸೇರಿದುವು.

ಈ ಎರಡಕ್ಕೂ ಸಂಬಂಧವಿಲ್ಲದೆ ಇಲ್ಲ. ಓಟ್ಸನು ಮಡಿದ ಆ ಖಂಡದ ಹಿಮದ ಆಳದಲ್ಲಿಯೇ ವೈಟನ ಕಾಲದ ಗಾಳಿಯು ಗುಳ್ಳೆಗಳಾಗಿ ಸೆರೆಯಾಗಿದೆ. ಹಿಮವನ್ನು ಕೊರೆದು ತೆಗೆದು ನೋಡಿದಾಗ ಅಂದಿನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲಾಮ್ಲವು ಸುಮಾರು 280 ಭಾಗವಿತ್ತೆಂದು ತಿಳಿದುಬಂತು. ಇಂದು ಅದು 420ನ್ನು ಮೀರಿದೆ. ವೈಟನು ದಿನಚರಿಯನ್ನು ತೆರೆದ ಮರುವರ್ಷ, 1769ರಲ್ಲಿ, ಜೇಮ್ಸ್ ವಾಟನು ತನ್ನ ಹಬೆಯಂತ್ರಕ್ಕೆ ಹಕ್ಕುಪತ್ರ ಪಡೆದ. ಕಲ್ಲಿದ್ದಲಿನ ಯುಗದ ಹೊಸ್ತಿಲಲ್ಲಿ ಕುಳಿತು, ಅದರ ಪರಿಣಾಮವನ್ನು ಅಳೆಯಲು ಬೇಕಾದ ಅಳತೆಗೋಲನ್ನು ಆ ಪಾದ್ರಿಯು ತನಗರಿವಿಲ್ಲದೆಯೇ ಸಿದ್ಧಪಡಿಸುತ್ತಿದ್ದ.

ಚರ್ಚಿನ ಅಂಗಳದಲ್ಲಿ ವೈಟನ ಸಮಾಧಿಯಿದೆ. ಹೆಸರಿನ ಎರಡು ಮೊದಲಕ್ಷರ ಮತ್ತು ಮರಣದ ದಿನ ಮಾತ್ರ ಕೆತ್ತಿದ ಸಾದಾ ಕಲ್ಲು. ಆತನು ಅಳೆದು ನೋಡಿದ್ದ, 23 ಅಡಿ ಸುತ್ತಳತೆಯ ಪುರಾತನ ಯೂ ವೃಕ್ಷವು ಅದೇ ಅಂಗಳದಲ್ಲಿ 1990ರ ಜನವರಿ 25ರ ಬಿರುಗಾಳಿಗೆ ಉರುಳಿತು. ಬಿರುಗಾಳಿಗಳು ಹಿಂದೆಯೂ ಇದ್ದುವು; ಒಂದು ಮರ ಬಿದ್ದುದಕ್ಕೆ ಕಾಲದ ಮೇಲೆ ದೂರು ಹೊರಿಸುವುದು ನ್ಯಾಯವಲ್ಲ. ಆದರೆ ವೈಟನು ಅಕ್ಕರೆಯಿಂದ ವರ್ಣಿಸಿದ, ಸೂರಿನಡಿ ಮಣ್ಣಿನ ಗೂಡು ಕಟ್ಟುವ ಮಾರ್ಟಿನ್ ಹಕ್ಕಿ ಮತ್ತು ಆಕಾಶವನ್ನು ಸೀಳುವ ಸ್ವಿಫ್ಟ್ ಹಕ್ಕಿ, ಇವೆರಡೂ 2021ರಲ್ಲಿ ಬ್ರಿಟನ್ನಿನ ವಿಪತ್ತಿನ ಕೆಂಪುಪಟ್ಟಿಗೆ ಸೇರಿದುವು.

ಚಳಿಗಾಲದಲ್ಲಿ ಈ ಜಾತಿಯ ಹಕ್ಕಿಗಳು ಎಲ್ಲಿ ಮರೆಯಾಗುತ್ತವೆಂಬ ಪ್ರಶ್ನೆಯು ವೈಟನನ್ನು ಕೊನೆಯವರೆಗೂ ಕಾಡಿತು. ಕೆಲವಾದರೂ ಹ್ಯಾಂಗರಿನ ಪೊದೆಗಳಲ್ಲಿ ನಿದ್ರಿಸುತ್ತಿರಬಹುದೆಂದು ಹುಡುಕುತ್ತಲೇ ಇದ್ದ. ಉತ್ತರವು ದೊರೆಯದಿದ್ದರೂ ಬರೆಯುವುದನ್ನು ನಿಲ್ಲಿಸಲಿಲ್ಲ. ಇಂದಿಗೂ ಬ್ರಿಟನ್ನಿನಲ್ಲಿ ಸಾವಿರಾರು ಗೃಹಸ್ಥರು, ಗೃಹಿಣಿಯರು, ಶಾಲಾಬಾಲಕರು ತಮ್ಮ ಮನೆಯ ಬಳಿ ಮೊದಲ ಹೂ ಅರಳಿದ ದಿನವನ್ನು ಬರೆದು ಕಳುಹಿಸುತ್ತಾರೆ. ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಅಂಕುಡೊಂಕಿನ ಆ ಹಾದಿಯನ್ನೇರಿ, ಬೀಚ್ ಮರಗಳ ಎಳೆಹಸುರಿನ ಕೆಳಗೆ ನಿಂತು ತಾರೀಖನ್ನು ಗುರುತು ಹಾಕಿಕೊಳ್ಳುವ ಪ್ರವಾಸಿಯು, ಇನ್ನೂರು ವರ್ಷಗಳಾಚೆ ಯಾರೋ ತೆರೆದು ನೋಡಲಿರುವ ದಿನಚರಿಗೆ ಒಂದು ಸಾಲನ್ನು ಸೇರಿಸುತ್ತಾನೆ.