ಕೂಸು ಮಲಿ ಹಿಡೀವಲ್ದು

ಗಂಗಾವತಿ ಸೀಮೆಯ ಸಾಣಾಪುರದ ಗದ್ದೆಗಳಲ್ಲಿ ನಾಟಿ ಶುರುವಾಯಿತೆಂದರೆ ಸೂಲಗಿತ್ತಿಯೂ ಕೆಸರಿನಲ್ಲೇ ಇರುತ್ತಿದ್ದಳು. ನೋವು ಬಂದವರ ಮನೆಯಿಂದ ಕರೆ ಬಂದರೆ ಕಾಲುವೆಯಲ್ಲಿ ಕೈ ತೊಳೆದು ಬಂದು ಕೂಸು ಹಿಡಿಯುವಳು. ನಾನು ಆ ಭಾಗಕ್ಕೆ ಆರೋಗ್ಯ ಸಹಾಯಕಿಯಾಗಿ ಬಂದಾಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಹೊಕ್ಕುಳಬಳ್ಳಿ ಕೊಯ್ಯಲು ಕುಡುಗೋಲು, ಕಟ್ಟಲು ಹಳೆ ಸೀರೆಯ ದಾರ, ಮೇಲೆ ಒಲೆಯ ಬೂದಿ. ಒಂದು ವಾರದೊಳಗೆ ಕೂಸಿನ ದವಡೆ ಕಚ್ಚಿಕೊಂಡು ಬೆನ್ನು ಬಿಲ್ಲಾದರೆ ಬಾಲಗ್ರಹವೆಂದು ತಾಯಿತ ಬರುತ್ತಿತ್ತು. ಅದು ಧನುರ್ವಾಯು; ಅದರ ಬೀಜಾಣು ಮಣ್ಣು, ಸಗಣಿಯಲ್ಲಿ ವರ್ಷಗಟ್ಟಲೆ ಕಾದಿರುತ್ತದೆ.

ಅದನ್ನು ಓಡಿಸಿದ್ದು ಹೊಸ ಬ್ಲೇಡು ಮತ್ತು ಬಸುರಿಯ ತೋಳಿಗೆ ಹಾಕಿದ ಟಿ.ಟಿ. ಸೂಜಿ. ತಾಯಿಯ ರಕ್ತದ ಬಲ ಹೊಟ್ಟೆಯೊಳಗಿನ ಕೂಸಿಗೂ ಇಳಿಯುತ್ತದೆ. ಸೂಜಿಗೆ ಹೆದರಿ ಹಿತ್ತಲ ಬಾಗಿಲಿಂದ ಓಡಿದವರನ್ನು ಬದುವಿನ ಮೇಲೇ ಹಿಡಿದು ಚುಚ್ಚಿದ್ದೂ ಉಂಟು! ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ.

ಅಷ್ಟರಲ್ಲಿ ಹೆರಿಗೆಯೇ ಊರು ಬಿಟ್ಟು ಆಸ್ಪತ್ರೆ ಸೇರಿತ್ತು. 2005ರಲ್ಲಿ ಆಸ್ಪತ್ರೆ ಹೆರಿಗೆಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ, ಹಿಂದೆಯೇ ಹಳ್ಳಿಗಳಿಗೆ ಆಶಾ ಕಾರ್ಯಕರ್ತೆಯರು, 2008ರಲ್ಲಿ 108 ಆಂಬುಲೆನ್ಸ್ ಗಾಡಿ.

ಆದರೆ ನಂಜು ಹೋಗಲಿಲ್ಲ, ವೇಷ ಬದಲಿಸಿತು. ರಕ್ತಕ್ಕೆ ಸೇರುವ ನಂಜಿಗೆ ಬಿಲ್ಲಾದ ಬೆನ್ನಿನಂಥ ಗುರುತಿಲ್ಲ. ನಂಜಾದರೆ ದೊಡ್ಡವರಿಗೆ ಜ್ವರ ಬರುತ್ತದೆ, ಕೂಸಿನ ಮೈಯೋ ಎಷ್ಟೋ ಸಲ ತಣ್ಣಗಾಗುತ್ತದೆ. ಅಳು ಸಣ್ಣಗಾಗುತ್ತದೆ, ಉಸಿರು ನಿಮಿಷಕ್ಕೆ 60 ದಾಟುತ್ತದೆ. ಆಸ್ಪತ್ರೆಯಲ್ಲೇ ಅಂಟುವ ಕ್ಲೆಬ್ಸಿಯೆಲ್ಲಾದಂಥ ಕೆಲವು ಸೂಕ್ಷ್ಮಾಣುಗಳು ಹಳೆಯ ಔಷಧಿಗೆ ಜಗ್ಗುವುದೂ ಇಲ್ಲ. ಆಸ್ಪತ್ರೆಯಲ್ಲಿ ಹೆತ್ತರೂ ಆಶಾ 3, 7, 14, 21, 28, 42ನೇ ದಿನ ಮನೆಗೆ ಬರಬೇಕೆಂಬ ನಿಯಮ ಇಂಥ ಗುರುತುಗಳನ್ನು ಬೇಗ ಹಿಡಿಯಲೂ ಹೌದು.

ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ ಹಳ್ಳಿಯ ಹೆಂಗಸರ ಕೈಗೇ ಈ ನಂಜಿನ ಔಷಧಿಯಾದ ಜೆಂಟಾಮೈಸಿನ್ ಸೂಜಿ ಕೊಟ್ಟು, ಕೂಸುಗಳು ಉಳಿಯುತ್ತವೆಂದು 1999ರಲ್ಲೇ ತೋರಿಸಿದ್ದರು. ದೊಡ್ಡಾಸ್ಪತ್ರೆಗೆ ಹೋಗಲಾಗದ ಕೂಸಿಗೆ ಅದೇ ಸೂಜಿಯನ್ನು, ಜೊತೆಗೆ ಅಮಾಕ್ಸಿಸಿಲಿನ್ ಕೊಡುವ ಅನುಮತಿ ನಮ್ಮಂಥವರಿಗೆ ಸಿಕ್ಕಿದ್ದು 2014ರಲ್ಲಿ. ತಡವಾಯಿತು, ಬಹಳ ತಡ.

ಸೂಲಗಿತ್ತಿಯ ಕೈಯನ್ನು ನಾವು ಬೈದೆವು, ಅದು ಸರಿಯೇ. ಅವಳ ಕಣ್ಣನ್ನೂ ಬಿಟ್ಟುಕೊಟ್ಟೆವಲ್ಲ, ಅದು ನಷ್ಟ. ಅವಳ ಕೆಲಸ ಈಗ ಕೂಸಿಗೆ ಎರೆಯುವಷ್ಟಕ್ಕೆ ಇಳಿದಿದೆ. ಆದರೆ ದಿನವೂ ಕೂಸನ್ನು ಕಾಲಮೇಲೆ ಮಲಗಿಸಿಕೊಳ್ಳುವವಳು ಅವಳೇ. ಮೈ ಸಡಿಲಾದದ್ದು ಅವಳಿಗೆ ಮೊದಲು ತಿಳಿಯುತ್ತದೆ. "ಕೂಸು ಮಲಿ ಹಿಡೀವಲ್ದು" ಎಂದು ಅವಳಂದರೆ ನಾನು ಥರ್ಮಾಮೀಟರಿಗೆ ಕಾಯದೆ ಗಂಗಾವತಿ ಆಸ್ಪತ್ರೆಗೆ ಒಯ್ಯಲು ಗಾಡಿ ಕರೆಸುತ್ತಿದ್ದೆ. ಹೊಸ ಆಶಾಗಳಿಗೂ ಹೇಳುತ್ತಿದ್ದುದು ಇಷ್ಟೇ: ತಕ್ಕಡಿ ತೆಗೆಯೋ ಮುಂಚೆ ಎರೆಯೋಳನ್ನ ಕೇಳ್ರಿ.