ಪದಮಿತಿಯೊಳಗಿನ ಊರು

ಮೈಸೂರಿನಿಂದ ಬಂದ ರಸ್ತೆ ಗುಂಡ್ಲುಪೇಟೆಯಲ್ಲಿ ಕವಲೊಡೆದು ಒಂದು ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ನಮ್ಮ ಕಾಲದ ಹುಡುಗ ಕಥೆಗಾರರಿಗೆ ಇದ್ದದ್ದು ಮೂರನೆಯದು, ಅಂಚೆ ಕಚೇರಿಯ ದಾರಿ. ‘ಪ್ರಜಾವಾಣಿ’ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆ ಬಂತೆಂದರೆ ನಾವು ಫುಲ್‌ಸ್ಕೇಪ್ ಹಾಳೆಗೆ ಅಂಗಡಿ ಅಂಗಡಿ ಅಲೆಯುತ್ತಿದ್ದೆವು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕೆಂಬ ನಿಯಮ ಅವ್ವನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. “ಈ ಕಡೀಕೇನ್ಲಾ ಬಂದಿರೋದು ಮೈಲ್ಗೆ?” ಎನ್ನುತ್ತಿದ್ದಳು.

ಕಥೆಯ ಜೊತೆ ಅಂಚೆಚೀಟಿ ಅಂಟಿಸಿದ ಸ್ವವಿಳಾಸದ ಲಕೋಟೆಯನ್ನೂ ಇಡುತ್ತಿದ್ದೆ. ತಿಂಗಳುಗಳಾದ ಮೇಲೆ ನನ್ನದೇ ಅಕ್ಷರದಲ್ಲಿ ನನಗೇ ಕಾಗದ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಅದನ್ನು ಕೈಯಲ್ಲೇ ತೂಗಿ, ಸಾವಿನ ಮನೆಗೆ ಬಂದವರ ದನಿಯಲ್ಲಿ “ದಪ್ಪಾಗದೆ ಕನಪ್ಪ” ಎನ್ನುವನು. ತೀರ್ಪುಗಾರರ ತೀರ್ಮಾನಕ್ಕಿಂತ ಅವನದೇ ಅಂತಿಮ.

ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ನಮಗೊಂದು ಉಪಕಾರ ಮಾಡಿದ್ದರು. 1973ರಲ್ಲಿ ‘ದ್ಯಾವನೂರು’ ಕಥೆಗಳು, ಆಮೇಲೆ ‘ಕುಸುಮಬಾಲೆ’. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದ ಮೇಲೆ, ನಮ್ಮ ಸೀಮೆಯ ಮಾತು ಕಂಡ ಕೂಡಲೇ ಕೆಂಪು ಶಾಯಿ ಎತ್ತುವವರು ಕೊಂಚ ಹಿಂಜರಿಯತೊಡಗಿದರು. ನಾವೋ, ಬೇಕಿರಲಿ ಬೇಡದಿರಲಿ, ಎಲ್ಲ ಪಾತ್ರಗಳಿಂದಲೂ ‘ಕನಾ’ ಅನ್ನಿಸಿದೆವು. ಬ್ಯಾಂಕ್ ಮ್ಯಾನೇಜರನನ್ನೂ ಬಿಡಲಿಲ್ಲ.

1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಉಳಿದವರಿಗೆ ಜಿಲ್ಲಾಧಿಕಾರಿ ಕಚೇರಿ ಸಿಕ್ಕಿದ್ದೇ ಸಂತೋಷ. ನಮಗೆ, ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಇನ್ನು ಮೈಸೂರಿನವರು ಎದುರಾಗುವುದಿಲ್ಲವೆಂಬುದು. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಮೂಢನಂಬಿಕೆ ಆಗ ಬಲವಾಗಿತ್ತು. ಬಹುಮಾನ ವಿತರಣೆಗೆ ಧೈರ್ಯವಾಗಿ ಬರುತ್ತಿದ್ದವರು ಸಾಹಿತಿಗಳು. ಕಳೆದುಕೊಳ್ಳಲು ಅವರಿಗೆ ಕುರ್ಚಿ ಎಲ್ಲಿತ್ತು?

ಬಹುಮಾನ ಬಾರದವರಿಗೆ ಸಂಕಲನಗಳಿದ್ದವು. ಹೊಸಬರ ಮೊದಲ ಕಥಾಸಂಕಲನವನ್ನು ಹುಡುಕಿ ಬಹುಮಾನ ಕೊಟ್ಟು ಅಚ್ಚು ಹಾಕುವ ವಸುಧೇಂದ್ರರ ಛಂದ ಪುಸ್ತಕ, ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಕನ್ನಡ ಪುಸ್ತಕ ಪ್ರಾಧಿಕಾರ ಇವೆಲ್ಲ ಆಮೇಲಿನ ಭಾಗ್ಯ. ನನ್ನ ಕಥೆ ಸೇರಿದ್ದು ‘ಪ್ರಾತಿನಿಧಿಕ’ ಎಂಬ ಬಿರುದಿನ ಒಂದು ಸಂಕಲನಕ್ಕೆ. ಯಾರ ಪ್ರತಿನಿಧಿಗಳು ನಾವು ಎಂದು ಯಾರೂ ಕೇಳಲಿಲ್ಲ. ಕಥೆಗಾರರೇ ಹಣ ಕೊಟ್ಟು ಪ್ರತಿಗಳನ್ನು ಕೊಳ್ಳಬೇಕಿತ್ತು. ಆ ವರ್ಷ ನೆಂಟರ ಮದುವೆಗೆಲ್ಲ ಮುಯ್ಯಿ ಅದೇ. ಆದರೂ ಹೇಳುತ್ತೇನೆ: ಪರಿವಿಡಿಯಲ್ಲಿ ನನ್ನ ಹೆಸರು ಕಂಡ ಆ ಸಂಜೆಯ ಬೀಗುವಿಕೆ ಆಮೇಲೆ ಸಂಬಳದ ದಿನವೂ ಬರಲಿಲ್ಲ.

ಒಂದು ಪ್ರತಿ ನಮ್ಮ ಬೀದಿಯ ನೀಲಗಾರ ತಾತನ ಮನೆಗೂ ಹೋಯಿತು. ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆಗೆ ಕೂತರೆ ಬೆಳಗಿನ ಕೋಳಿ ಕೂಗುವತನಕ ಏಳದ ಮನುಷ್ಯ. ಮೊಮ್ಮಗಳು ನನ್ನ ಕಥೆ ಓದಿ ಹೇಳಿದಳಂತೆ. ಮಾರನೆಯ ದಿನ ಅಡ್ಡಗಟ್ಟಿದ.

“ಏನ್ಲಾ ಮಗ, ಅವ್ಳು ಹಟ್ಟಿ ಬುಟ್ಟು ಹೊಂಟ್ಲು ಅಂತ ನಿಲ್ಲುಸ್ಬುಟ್ಟಿದ್ದೀಯ. ಆಮ್ಯಾಕೆ ಏನಾದ್ಲು?”

“ಪದಮಿತಿ ತಾತ. ಇಷ್ಟೇ ಪದ ಅಂತ ರೂಲ್ಸು.”

“ಕತೆ ಅಳೆಯೋಕೆ ಅವ್ರ್ಯಾರ್ಲಾ?” ಎಂದವನೇ ಜಗಲಿಯ ಮೇಲೆ ಕೂತು, ಅವಳನ್ನು ತೆರಕಣಾಂಬಿ ಸಂತೆ ದಾಟಿಸಿ, ಬಿಳಿಗಿರಿರಂಗನ ಬೆಟ್ಟ ಹತ್ತಿಸಿ, ಮರಳಿ ಕರೆತಂದು, ಮೂರು ಮಕ್ಕಳನ್ನೂ ಕೊಟ್ಟ. ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮುಂದಿನ ದೀಪಾವಳಿಗೆ ಅದನ್ನೇ ಕಳಿಸೋಣವೆಂದರೆ, ಸ್ವಂತ ರಚನೆಯೆಂದು ರುಜು ಹಾಕಬೇಕಲ್ಲ!