ಎಣಿಕೆ ಮುಗಿದ ಮರುದಿನದ ಹಿರೇಗುಂಟನೂರು

ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ ಹಿರೇಗುಂಟನೂರು. ಭೀಮಸಮುದ್ರದ ಅಡಿಕೆ ಸೀಮೆಗೆ ನೆರೆಯ ಊರು. ಕೊಳವೆಬಾವಿಯಲ್ಲಿ ನೀರಿದ್ದವರಿಗೆ ಅಡಿಕೆ ತೋಟ, ಇಲ್ಲದವರಿಗೆ ಮೆಕ್ಕೆಜೋಳ, ರಾಗಿ, ಈರುಳ್ಳಿ ಮತ್ತು ಮುಗಿಲು ನೋಡುವ ಕೆಲಸ. ಬಯಲುಸೀಮೆಯ ಹಳ್ಳಿಗಳಲ್ಲಿ ಎರಡು ಬಗೆಯ ಜಾತ್ರೆ ನಡೆಯುತ್ತವೆ. ಒಂದು ಊರಮ್ಮನದು, ಇನ್ನೊಂದು ಪಂಚಾಯ್ತಿ ಚುನಾವಣೆಯದು. ಮೊದಲನೆಯದು ಮುಗಿದ ಮರುದಿನ ನೆಂಟರು ಊರಿಗೆ ಹೊರಡುತ್ತಾರೆ. ಎರಡನೆಯದು ಮುಗಿದ ಮರುದಿನ ಗೆದ್ದವರೂ ಸೋತವರೂ ಅದೇ ಬೀದಿಯಲ್ಲಿ ಉಳಿಯುತ್ತಾರೆ. ಹಳ್ಳಿಯನ್ನು ನೋಡಬೇಕೆನ್ನುವವರು ಆ ಮರುದಿನ ಬರಬೇಕು.

2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದಲ್ಲಿ ಎರಡು ಹಂತವಾಗಿ ಗ್ರಾಮ ಪಂಚಾಯ್ತಿ ಚುನಾವಣೆ ನಡೆಯಿತು. 30ರಂದು ಎಣಿಕೆ. ಬೀದರ್ ಜಿಲ್ಲೆಯನ್ನು ಬಿಟ್ಟರೆ ಉಳಿದೆಡೆ ಯಂತ್ರವಿಲ್ಲ, ಮತಪತ್ರ. ಒಂದು ಕ್ಷೇತ್ರದಲ್ಲಿ ಎರಡು ಮೂರು ಸ್ಥಾನಗಳಿದ್ದರೆ ಮತದಾರನಿಗೂ ಅಷ್ಟೇ ಮತಗಳು. ಹೀಗಾಗಿ ಬಿಡಿಸಿ, ವಿಂಗಡಿಸಿ, ಕಟ್ಟು ಕಟ್ಟಿ ಎಣಿಸುವ ಹೊತ್ತಿಗೆ ಹಳ್ಳಿಯಲ್ಲಿ ಚಹಾದಂಗಡಿಯ ಹಾಲು ಮೂರು ಸಲ ಮುಗಿದಿರುತ್ತದೆ. ತಾಲ್ಲೂಕು ಕೇಂದ್ರದಿಂದ ಮೊಬೈಲಿನಲ್ಲಿ ಸುದ್ದಿ ಬಂತೆಂದರೆ ಒಂದು ಕೇರಿಯಲ್ಲಿ ಪಟಾಕಿ, ತಮಟೆ, ಗುಲಾಲು. ಪಕ್ಕದ ಕೇರಿಯಲ್ಲಿ ಸಂಜೆಯೇ ಬಾಗಿಲು ಹಾಕಿದ ಮನೆ. ಈ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಆಯೋಗ ಕೊಟ್ಟ ಆಟೋ, ಹೊಲಿಗೆ ಯಂತ್ರ, ಗ್ಯಾಸ್ ಸಿಲಿಂಡರಿನಂಥ ಗುರುತುಗಳೇ ಗತಿ. ಆದ್ದರಿಂದ ‘ಹೊಲಿಗೆ ಯಂತ್ರ ಗೆದ್ದಿತಂತೆ’ ಎಂದು ಮಕ್ಕಳು ಕೂಗುತ್ತ ಓಡುತ್ತವೆ. ಚಿಹ್ನೆ ಇಲ್ಲದಿದ್ದರೇನು, ಗೆದ್ದವರಲ್ಲಿ ನಮ್ಮವರೇ ಹೆಚ್ಚು ಎಂದು ಪಕ್ಷಗಳೆಲ್ಲ ಹೇಳಿಕೊಂಡದ್ದೂ ಆಯಿತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ರಾಜ್ಯದ ಕಾನೂನಿನಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಪಂಚಾಯ್ತಿ ಸದಸ್ಯ. ಮಕ್ಕಳನ್ನು ಕಳೆದರೆ ಮತದಾರರು ಮುನ್ನೂರರ ಆಸುಪಾಸು. ಅದರಲ್ಲಿ ಮೂರು ನಾಲ್ಕು ಜನ ಅಭ್ಯರ್ಥಿಗಳಿದ್ದರೆ ಒಂದು ತುಂಬಿದ ಮನೆಯ ಆರೇಳು ಮತ ಫಲಿತಾಂಶವನ್ನೇ ತಿರುಗಿಸಬಲ್ಲದು. ಲೋಕಸಭೆಗೆ ನಿಂತು ಸೋತವರಿಗೆ ತಮಗೆ ಮತ ಹಾಕದವರು ಯಾರೆಂದು ತಿಳಿಯುವ ದಾರಿಯೇ ಇಲ್ಲ. ಲಕ್ಷಗಳ ರಾಶಿಯಲ್ಲಿ ಒಂದು ಮತ ಅಡಗಿಬಿಡುತ್ತದೆ. ಪಂಚಾಯ್ತಿಗೆ ನಿಂತು ಸೋತವರು ಹಾಗಲ್ಲ. ರಾತ್ರಿ ಮತದಾರರ ಪಟ್ಟಿ ಹಿಡಿದು, ಪೆನ್ಸಿಲ್ಲಿನಲ್ಲಿ ಮನೆ ಮನೆಗೆ ಗುರುತು ಹಾಕುತ್ತ ಕೂರುತ್ತಾರೆ. ‘ದೊಡ್ಡಪ್ಪನ ಮನೇಲಿ ಐದು ಓಟು. ಐದೂ ಬಿದ್ದಿದ್ರೆ ನಾವು ಸೋಲ್ತಿರಲಿಲ್ಲ’ ಎಂಬಲ್ಲಿಗೆ ಲೆಕ್ಕ ಬಂದು ನಿಲ್ಲುತ್ತದೆ.

ಈ ಲೆಕ್ಕ ತಪ್ಪು. ಎಂಟನೆಯ ತರಗತಿಯ ಹುಡುಗರಿಗೂ ಗೊತ್ತಿರುವಂತೆ, ಎರಡು ಅವ್ಯಕ್ತಗಳಿರುವಾಗ ಒಂದೇ ಸಮೀಕರಣದಿಂದ ಉತ್ತರ ಬರುವುದಿಲ್ಲ. ಇಲ್ಲಂತೂ ಅವ್ಯಕ್ತಗಳು ನೂರಾರು, ಸಮೀಕರಣ ಒಂದೇ. ಐದು ಮತ ದೊಡ್ಡಪ್ಪನ ಮನೆಯಿಂದಲೂ ಹೋಗಿರಬಹುದು, ಇನ್ನು ಹತ್ತು ಮನೆಗಳಿಂದಲೂ ಹೋಗಿರಬಹುದು. ಮುದ್ರೆ ಎರಡು ಗುರುತುಗಳ ನಡುವೆ ಬಿದ್ದು ಮತ ತಿರಸ್ಕೃತವೂ ಆಗಿರಬಹುದು. ಸಾಧ್ಯವಿರುವ ನೂರು ಉತ್ತರಗಳಲ್ಲಿ ಮನಸ್ಸು ಮೊದಲೇ ಯಾರ ಮೇಲೆ ಮುನಿದಿತ್ತೋ ಆ ಉತ್ತರವನ್ನು ಆರಿಸಿಕೊಳ್ಳುತ್ತದೆ. ಗುಟ್ಟಿನ ಮತದಾನವೆಂಬುದು ಕಾನೂನಿನಲ್ಲಿದೆ; ಚಿಕ್ಕ ಊರಿನಲ್ಲಿ ಅದನ್ನು ಕಾಯಬೇಕಾದದ್ದು ಊರಿನವರ ಸಂಯಮ.

ಇಂಗ್ಲೆಂಡಿನ ಉದಾಹರಣೆಯೊಂದು ಇಲ್ಲಿ ಸ್ವಾರಸ್ಯಕರ. ಈಶಾನ್ಯ ಇಂಗ್ಲೆಂಡಿನಲ್ಲಿ ಬ್ಲೈತ್ ಎಂಬ ಬಂದರು ಪಟ್ಟಣವಿದೆ. ಹಿಂದೆ ಕಲ್ಲಿದ್ದಲು ಸಾಗಿಸುತ್ತಿದ್ದ ಊರು. 2017ರ ಮೇ ತಿಂಗಳಲ್ಲಿ ನಾರ್ತಂಬರ್‌ಲ್ಯಾಂಡ್ ಕೌಂಟಿಯ ಚುನಾವಣೆ ನಡೆದಾಗ ಅಲ್ಲಿನ ಸೌತ್ ಬ್ಲೈತ್ ಕ್ಷೇತ್ರದಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಟ್ ಅಭ್ಯರ್ಥಿಗಳಿಗೆ ತಲಾ 356 ಮತ ಬಂದವು. ಮರುಎಣಿಕೆಯ ನಂತರ ಕಡ್ಡಿ ಎತ್ತಿಸಿದರು. ಲಿಬರಲ್ ಡೆಮಾಕ್ರಟ್ ಪಕ್ಷದ ಮಹಿಳೆಗೆ ಉದ್ದದ ಕಡ್ಡಿ ಬಂದು ಅವರು ಗೆದ್ದರು. 67 ಸ್ಥಾನಗಳ ಸಭೆಯಲ್ಲಿ ಕನ್ಸರ್ವೇಟಿವ್ ಪಕ್ಷ 33ಕ್ಕೆ ನಿಂತಿತು. ಒಂದು ಕಡ್ಡಿಯ ಉದ್ದದಿಂದ ಇಡೀ ಕೌಂಟಿಯ ಬಹುಮತ ತಪ್ಪಿತು! ನಮ್ಮಲ್ಲೂ ಸಮ ಮತ ಬಂದರೆ ಚೀಟಿ ಎತ್ತುವುದೇ ನಿಯಮ. 2020ರಲ್ಲಿ ರಾಜ್ಯದ ಹಲವೆಡೆ ಹಾಗೆ ಚೀಟಿಯಿಂದಲೇ ಸದಸ್ಯರಾದವರಿದ್ದಾರೆ. ಇಂಥ ಸೋಲಿಗೂ ದೊಡ್ಡಪ್ಪನನ್ನು ಬೈಯುವವರು ಇರಬಹುದಾದರೂ, ಕಡ್ಡಿಯೊಂದಿಗೆ ಜಗಳವಾಡಲು ಯಾರಿಂದಲೂ ಆಗದು.

ಮೇಷ್ಟ್ರಾದವನಿಗೆ ಊರಿನ ಫಲಿತಾಂಶ ಕಾಣುವುದು ತರಗತಿಯ ಬೆಂಚಿನಲ್ಲಿ. ನಿನ್ನೆಯವರೆಗೆ ಒಂದೇ ಬೆಂಚಿನಲ್ಲಿ ಕೂತು ರಬ್ಬರು ಹಂಚಿಕೊಳ್ಳುತ್ತಿದ್ದ ಇಬ್ಬರು ಹುಡುಗರು ಚುನಾವಣೆಯಾದ ವಾರ ಬೇರೆ ಬೇರೆ ಮೂಲೆಗೆ ಹೋಗುತ್ತಾರೆ. ಕೇಳಿದರೆ ತಲೆ ತಗ್ಗಿಸುತ್ತಾರೆ. ‘ಅಪ್ಪ ಮಾತಾಡ್ಬೇಡ ಅಂದಾರೆ ಸಾರ್.’ ಮತದಾನದ ಹಕ್ಕಿಲ್ಲದ ಮಗುವಿಗೆ ದ್ವೇಷದ ಹಕ್ಕು ಮಾತ್ರ ಹದಿನೆಂಟಕ್ಕೆ ಮೊದಲೇ ಸಿಕ್ಕಿಬಿಡುತ್ತದೆ. ತಂದೆತಾಯಿಗಳು ದಯವಿಟ್ಟು ಇದನ್ನು ಗಮನಿಸಬೇಕು. ಸದಸ್ಯತ್ವದ ಅವಧಿ ಐದು ವರ್ಷ. ಆ ಹೊತ್ತಿಗೆ ಐದನೆಯ ತರಗತಿಯ ಹುಡುಗ ಹತ್ತನೆಯ ತರಗತಿಗೆ ಬಂದಿರುತ್ತಾನೆ.

ಬೆರಳಿನ ಶಾಯಿಯಿಂದ ಇದಕ್ಕೊಂದು ಅಳತೆ ತೆಗೆದುಕೊಳ್ಳಬಹುದು. ಈ ಅಳಿಸಲಾಗದ ಶಾಯಿ ನಮ್ಮ ಮೈಸೂರಿನದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಇದನ್ನು ತಯಾರಿಸಿಕೊಂಡು ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಸಾಬೂನಿಗೆ ಹೋಗುವುದಿಲ್ಲ. ಚರ್ಮದ ಮೇಲಿನದು ಕೆಲವು ದಿನಗಳಲ್ಲಿ ಉದುರುತ್ತದೆ, ಉಗುರಿನ ಮೇಲಿನದು ಉಗುರು ಬೆಳೆದಂತೆ ಮುಂದೆ ಸರಿಯುತ್ತದೆ. ಉಗುರು ಬೆಳೆಯುವುದು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್. ಉಗುರು ಕತ್ತರಿಸಿ ಶಾಯಿಯ ಕೊನೆಯ ಗೆರೆ ಹೋಗುವಷ್ಟರಲ್ಲಿ ಮನಸ್ತಾಪವೂ ಹೋಗಬೇಕು ಎಂದು ಊರು ನಿಶ್ಚಯಿಸಿದರೆ ಅದು ಅತಿಯಾದ ಆಸೆಯಾಗಲಾರದು.

ಮನಸ್ತಾಪವೇ ಬೇಡವೆಂದು ಕೆಲವು ಊರುಗಳು ಅವಿರೋಧ ಆಯ್ಕೆಯ ದಾರಿ ಹಿಡಿಯುತ್ತವೆ. ಎಲ್ಲರೂ ಕೂತು ಒಪ್ಪಿದರೆ ಸಂತೋಷ. ಆದರೆ 2020ರಲ್ಲಿ ಕೆಲವೆಡೆ ಸದಸ್ಯ ಸ್ಥಾನವನ್ನೇ ಹರಾಜು ಕೂಗಿದ ಸುದ್ದಿ ಬಂದು, ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ದುಡ್ಡಿದ್ದವನಿಗೆ ಸ್ಥಾನ ಮಾರಿ ಕೊಂಡ ಶಾಂತಿಗಿಂತ ಐದು ಮತದ ಸೋಲೇ ಮೇಲು. ಅಬ್ದುಲ್ ನಜೀರ್‌ಸಾಬರು ಓಡಾಡಿ ಕಟ್ಟಿದ, 1987ರ ಜನವರಿಯಲ್ಲಿ ಚುನಾವಣೆ ಕಂಡ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಲ್ಲಿ ಕಾಲು ಭಾಗ ಮಹಿಳೆಯರಿಗಿತ್ತು. 1993ರ ಕಾಯ್ದೆ ಅದನ್ನು ಮೂರನೆಯ ಒಂದಕ್ಕೆ ಏರಿಸಿತು, 2010ರಲ್ಲಿ ಅರ್ಧವಾಯಿತು. ಗೆದ್ದವಳು ಮನೆಯೊಳಗೆ, ಹಾರ ಹಾಕಿಸಿಕೊಳ್ಳುವ ಗಂಡ ಟ್ರ್ಯಾಕ್ಟರಿನ ಮೇಲೆ ಎಂಬ ನೋಟ ಇನ್ನೂ ಇದೆ. ಹರಾಜಿನ ಕಟ್ಟೆಗೆ ಮಾತ್ರ ಅವಳು ಅಷ್ಟೂ ಬರಲಾರಳು.

ಇಷ್ಟಕ್ಕೂ ಜಗಳ ಯಾವುದಕ್ಕಾಗಿ? ಬೀದಿ ದೀಪ, ಚರಂಡಿ, ಎಲ್ಲಕ್ಕಿಂತ ಮೇಲಾಗಿ ನೀರು. ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಇನ್ನೂ ಹೆಚ್ಚಾದರೆ ಮೂಳೆಗೂ ತೊಂದರೆ. ಗೆದ್ದವರ ಮಗುವಿಗೂ ಸೋತವರ ಮಗುವಿಗೂ ಅದು ಒಂದೇ ನೀರು. ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಅದು ಯಾರ ಕೇರಿಯದೆಂದು ನೋಡದೆ ಕೇಳಬೇಕಾದ ಜಾಗ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕೆಂದು ಕಾನೂನಿದೆ. ಎಣಿಕೆಯ ದಿನ ಸೇರುವ ಜನದ ಕಾಲು ಭಾಗ ಅಲ್ಲಿ ಸೇರಿದರೂ ಊರಿನ ಚಹರೆ ಬದಲಾದೀತು.

ವಿದ್ಯಾರ್ಥಿಗಳಿಗೂ ಒಂದು ಮಾತು. ಮಕ್ಕಳ ಗ್ರಾಮಸಭೆ ಎಂಬುದೊಂದಿದೆ. ಪಂಚಾಯ್ತಿಯವರು ವರ್ಷಕ್ಕೊಮ್ಮೆ ನಿಮ್ಮನ್ನು ಕರೆದು ನಿಮ್ಮ ಅಹವಾಲು ಕೇಳಬೇಕು. ಕರೆದಾಗ ಹೋಗಿ, ಕರೆಯದಿದ್ದರೆ ಯಾಕೆ ಕರೆಯಲಿಲ್ಲವೆಂದು ಕೇಳಿ. ನೀರಿನ ಪರೀಕ್ಷೆಯ ವರದಿ ಎಲ್ಲಿ, ಶಾಲೆಯ ಕಾಂಪೌಂಡು ಯಾವಾಗ ಎಂಬ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೋಗುವಾಗ ಬೇರೆ ಮೂಲೆಗೆ ಹೋಗಿ ಕೂತ ಆ ಗೆಳೆಯನನ್ನೂ ಕರೆದುಕೊಳ್ಳಿ. ಇಬ್ಬರೂ ಸೇರಿ ಕೇಳಿದ ಪ್ರಶ್ನೆಗೆ ಬಲ ಹೆಚ್ಚು.